ಮುಟ್ಟಿದ್ದಕ್ಕೆ ಗುರುತೇನು?

ಅಂಗಡಿಯ ಮುಂದೆ ನಿಂತು ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ 340 ರೂಪಾಯಿ ಕಳಿಸುತ್ತೀರಿ. ಖಾತೆಯಿಂದ ಹಣ ಕಡಿತವಾಯಿತೆಂದು ಬ್ಯಾಂಕಿನ ಎಸ್‌ಎಂಎಸ್ ಬರುತ್ತದೆ. ಆದರೆ ಅಂಗಡಿಯ ಸೌಂಡ್ ಬಾಕ್ಸ್ ಬಾಯಿ ಬಿಡುವುದಿಲ್ಲ. ಫೋನಿನ ಪರದೆಯ ಮೇಲೆ ‘ಪೆಂಡಿಂಗ್’ ಎಂಬ ಒಂದೇ ಪದ. “ಇನ್ನೊಂದ್ಸಲ ಹಾಕ್ಬಿಡಿ ಸಾರ್, ಅದು ವಾಪಸ್ ಬರುತ್ತೆ” ಎನ್ನುತ್ತಾರೆ ಅಂಗಡಿಯವರು. ಹಾಕಿದರೆ ಎರಡು ಸಲ ಹೋದೀತೆಂಬ ಭಯ, ಹಾಕದಿದ್ದರೆ ಸಾಮಾನು ಕೈಗೆ ಬರುವುದಿಲ್ಲ.

ಇದು ಎಷ್ಟು ಮಾಮೂಲಿ ಎಂದರೆ ರಿಸರ್ವ್ ಬ್ಯಾಂಕ್ ಇದಕ್ಕೆಂದೇ ನಿಯಮ ಮಾಡಿದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ಒಬ್ಬರು ಇನ್ನೊಬ್ಬರಿಗೆ ಕಳಿಸಿದ ಹಣ ಕಡಿತವಾಗಿಯೂ ಜಮೆಯಾಗದಿದ್ದರೆ ವಹಿವಾಟಿನ ಮರುದಿನದೊಳಗೆ ಅದು ವಾಪಸಾಗಬೇಕು. ಅಂಗಡಿಗೆ ಕೊಟ್ಟ ಹಣವಾದರೆ ಗಡುವು ಐದು ದಿನ. ಅದೂ ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಕೋಟಿಗಟ್ಟಲೆ ಲೆಕ್ಕವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುವ ಕಂಪ್ಯೂಟರುಗಳಿಗೆ ‘ಹೋಯಿತೋ ಇಲ್ಲವೋ’ ಎಂದು ಹೇಳುವುದು ಯಾಕಿಷ್ಟು ಕಷ್ಟ? ಯಾರೋ ಸೋಮಾರಿ ಇಂಜಿನಿಯರು ಸರಿಯಾಗಿ ಬರೆಯಲಿಲ್ಲವೆಂದು ಬೈಯುವ ಮೊದಲು, ನಡುವೆ ಏನು ನಡೆಯುತ್ತದೆ ಎಂದು ನೋಡೋಣ.

ನಡುವೆ ಕೂತವರು

ನಿಮ್ಮ ಫೋನು ಅಂಗಡಿಯವರ ಬ್ಯಾಂಕಿನೊಡನೆ ನೇರವಾಗಿ ಮಾತಾಡುವುದಿಲ್ಲ. ಒಂದು ಯಂತ್ರ ಇನ್ನೊಂದಕ್ಕೆ ಹೇಳುತ್ತದೆ, ಅದು ಮತ್ತೊಂದಕ್ಕೆ. ಬ್ಯಾಂಕಿಗೆ ಮಾತ್ರ ಸೀಮಿತವಾದ ಮಾತಲ್ಲ ಇದು. ಆಸ್ಪತ್ರೆಯ ಲ್ಯಾಬ್, ರೈಲ್ವೆ ಬುಕಿಂಗ್, ಗೋದಾಮಿನ ದಾಸ್ತಾನು ಎಲ್ಲೆಡೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರು ಬರೆದ ತಂತ್ರಾಂಶಗಳಿವೆ. ಒಂದಕ್ಕೆ ಫೈಲು ಬೇಕು, ಇನ್ನೊಂದಕ್ಕೆ ವೆಬ್ ಕೋರಿಕೆ ಬೇಕು. ಒಂದು ಹಗಲಿರುಳೂ ಎಚ್ಚರ, ಇನ್ನೊಂದಕ್ಕೆ ರಾತ್ರಿ ದುರಸ್ತಿಯ ಬಿಡುವು.

ಇವುಗಳ ನಡುವೆ ಕೂತು, ಒಬ್ಬರಿಂದ ಸಂದೇಶ ಪಡೆದು, ಬೇಕಾದ ರೂಪಕ್ಕೆ ತಿರುಗಿಸಿ, ಇನ್ನೊಬ್ಬರಿಗೆ ಮುಟ್ಟಿಸುವುದಕ್ಕೆಂದೇ ಒಂದು ಜಾತಿಯ ತಂತ್ರಾಂಶವಿದೆ. ಅದನ್ನು ಜೋಡಣೆ ತಂತ್ರಾಂಶ ಎಂದು ಕರೆಯೋಣ. ಕಂಪನಿಗಳಲ್ಲಿ ‘ಇಂಟಿಗ್ರೇಷನ್’ ಎಂದರೆ ಸಾಕು, ಅರ್ಥವಾಗುತ್ತದೆ. ಗ್ರೆಗರ್ ಹೋಪ್ ಮತ್ತು ಬಾಬಿ ವುಲ್ಫ್ 2003ರಲ್ಲಿ ಈ ಕಸುಬಿನ 65 ಮಾದರಿಗಳನ್ನು ಒಂದು ಪುಸ್ತಕದಲ್ಲಿ ಕೂಡಿಸಿದರು. ಆ ಮಾದರಿಗಳನ್ನೇ ಕೋಡಿನಲ್ಲಿ ಬರೆದಿಟ್ಟ ಮುಕ್ತ ತಂತ್ರಾಂಶ ಅಪಾಚೆ ಕ್ಯಾಮೆಲ್; ಅದು ಹುಟ್ಟಿದ್ದು 2007ರಲ್ಲಿ. ಸಂದೇಶಗಳನ್ನು ಸಾಲಿನಲ್ಲಿ ಕೂರಿಸಿ ಕಾಯುವ ಆ್ಯಕ್ಟಿವ್‌ಎಂಕ್ಯೂ, ರ‍್ಯಾಬಿಟ್‌ಎಂಕ್ಯೂ ಮತ್ತು ಲಿಂಕ್ಡ್‌ಇನ್ ಕಂಪನಿಯಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ತೆರೆದುಕೊಂಡ ಕಾಫ್ಕಾ ಇದೇ ಬಳಗದವು.

ಈ ಬಳಗಕ್ಕೂ ಬೆಂಗಳೂರಿಗೂ ನಂಟಿದೆ. ಯಾವುದೇ ದೇಶ ತನ್ನ ಪ್ರಜೆಗಳಿಗೆ ಗುರುತಿನ ಸಂಖ್ಯೆ ಕೊಡಲು ಬಳಸಬಹುದಾದ ‘ಮೊಸಿಪ್’ ಎಂಬ ಮುಕ್ತ ತಂತ್ರಾಂಶ 2018ರಲ್ಲಿ ಶುರುವಾದದ್ದು ಬೆಂಗಳೂರಿನ ಐಐಐಟಿಯಲ್ಲಿ. ಫಿಲಿಪೀನ್ಸ್ ಅದನ್ನು ಬಳಸುತ್ತಿದೆ. ಅದರಲ್ಲಿ ಒಬ್ಬರ ನೋಂದಣಿಯ ಮಾಹಿತಿ ಪರಿಶೀಲನೆಯ ಒಂದು ಹಂತದಿಂದ ಮುಂದಿನದಕ್ಕೆ ಹೋಗುವ ದಾರಿಗಳನ್ನು ಬರೆದಿರುವುದು ಕ್ಯಾಮೆಲ್‌ನಲ್ಲೇ. ಅಲ್ಲಿ ಒಂದು ಸಂದೇಶ ಕಳೆದರೆ ಒಬ್ಬ ಮನುಷ್ಯನಿಗೆ ಗುರುತಿನ ಸಂಖ್ಯೆ ಇಲ್ಲ.

ಮೌನಕ್ಕೆ ಮೂರು ಅರ್ಥ

ಈಗ ಕಂಪ್ಯೂಟರನ್ನು ಬದಿಗಿಟ್ಟು ಮದುವೆಮನೆಗೆ ಬನ್ನಿ. ಫೋನಿಲ್ಲದ ಕಾಲ. ಹಾಸನದಲ್ಲಿ ಮದುವೆ. ತಿಪಟೂರಿನ ಅತ್ತೆಗೆ ಬರಲಾಗಲಿಲ್ಲ. ಕವರಿನಲ್ಲಿ 500 ರೂಪಾಯಿ ಮುಯ್ಯಿ ಇಟ್ಟು, ಹೊರಟ ಯಾರದೋ ಕೈಲಿ ಕಳಿಸುತ್ತಾರೆ. ಮಂಟಪದ ಬಾಗಿಲಲ್ಲಿ ಮೇಜು ಹಾಕಿಕೊಂಡು ಮುಯ್ಯಿ ಬರೆಯುವವರು ಕೂತಿದ್ದಾರೆ. ಹೆಸರು, ಊರು, ಮೊತ್ತ ಪುಸ್ತಕಕ್ಕೆ, ಹಣ ಚೀಲಕ್ಕೆ. ಜೊತೆಗೆ ‘ಮುಟ್ಟಿತು’ ಎಂಬ ಚೀಟಿಯೊಂದು ಅತ್ತೆಗೆ ವಾಪಸ್.

ವಾರವಾಯಿತು, ಚೀಟಿ ಬರಲಿಲ್ಲ. ಏನಾಗಿರಬಹುದು? ಕವರು ದಾರಿಯಲ್ಲೇ ಕಳೆದಿರಬಹುದು. ಕವರು ಮೇಜಿಗೆ ಬಂದಿದ್ದು, ಬರೆಯುವವರನ್ನು ಯಾರೋ ಊಟಕ್ಕೆ ಎಬ್ಬಿಸಿಕೊಂಡು ಹೋಗಿ, ಅದು ಬರೆಯದೇ ಉಳಿದಿರಬಹುದು. ಇಲ್ಲವೇ ಎಲ್ಲವೂ ಸರಿಯಾಗಿ ನಡೆದು, ಚೀಟಿ ಮಾತ್ರ ಬಸ್ಸಿನಲ್ಲಿ ಬಿದ್ದುಹೋಗಿರಬಹುದು. ಮೊದಲ ಎರಡರಲ್ಲಿ ಅತ್ತೆ ಮತ್ತೆ ಕಳಿಸಬೇಕು, ಮೂರನೆಯದರಲ್ಲಿ ಕಳಿಸಬಾರದು. ತಿಪಟೂರಿನಲ್ಲಿ ಕೂತವರಿಗೆ ಮೂರೂ ಒಂದೇ ಥರ ಕಾಣುತ್ತವೆ: ಚೀಟಿ ಬಂದಿಲ್ಲ, ಅಷ್ಟೆ.

ಚೀಟಿ ತಲುಪಿದ್ದಕ್ಕೆ ಇನ್ನೊಂದು ಚೀಟಿ ಕಳಿಸಿದರೆ? ಆಗ ಆ ಎರಡನೇ ಚೀಟಿ ತಲುಪಿತೇ ಎಂಬ ಪ್ರಶ್ನೆ ಹಾಸನದವರಿಗೆ. ಎಷ್ಟು ಚೀಟಿ ಕೂಡಿಸಿದರೂ ಕೊನೆಯದೊಂದು ಇದ್ದೇ ಇರುತ್ತದೆ, ಅದು ಕಳೆದರೂ ಕಳೆಯಬಹುದು. ಮಾತು ಕಳೆದುಹೋಗಬಹುದಾದ ದಾರಿಯಲ್ಲಿ ಇಬ್ಬರೂ ಒಂದೇ ತಿಳಿವಳಿಕೆಗೆ ಖಚಿತವಾಗಿ ಬರಲಾಗದು ಎಂಬುದನ್ನು ಅಕ್ಕೊಯುನ್ಲು, ಏಕನಾಧಂ ಮತ್ತು ಹ್ಯೂಬರ್ 1975ರಲ್ಲೇ ತೋರಿಸಿಕೊಟ್ಟರು. ಅಂದರೆ ‘ಪೆಂಡಿಂಗ್’ ಎನ್ನುವ ಯಂತ್ರ ಸುಳ್ಳು ಹೇಳುತ್ತಿಲ್ಲ. ಅದಕ್ಕೆ ನಿಜಕ್ಕೂ ಗೊತ್ತಿಲ್ಲ.

ರಸೀದಿ ಯಾವಾಗ ಕೊಡಬೇಕು?

ಗೊತ್ತಾಗುವುದು ಸಾಧ್ಯವಿಲ್ಲವೆಂದ ಮೇಲೆ ಉಳಿಯುವುದು ಆಯ್ಕೆ. ಸಂದೇಶಗಳನ್ನು ಸಾಲಿನಲ್ಲಿಟ್ಟು ಕಾಯುವ ಯಂತ್ರಕ್ಕೆ ಬ್ರೋಕರ್ ಎಂದು ಹೆಸರು. ಸಾಮಾನ್ಯವಾಗಿ ಪಡೆದವರಿಂದ ಸ್ವೀಕೃತಿ ಬರುವವರೆಗೆ ಬ್ರೋಕರ್ ಸಂದೇಶವನ್ನು ಬಿಟ್ಟುಕೊಡುವುದಿಲ್ಲ, ಬಂದೊಡನೆ ಅಳಿಸಿಹಾಕುತ್ತದೆ. ಹಾಗಾದರೆ ಪಡೆದವರು ಸ್ವೀಕೃತಿ ಕೊಡುವುದು ಕೆಲಸಕ್ಕೆ ಮೊದಲೋ, ಆಮೇಲೋ?

ಮೊದಲೇ ಕೊಟ್ಟರೆ, ಕೊಟ್ಟ ಮರುಕ್ಷಣ ಯಂತ್ರ ಕೆಟ್ಟು ನಿಂತರೆ ಸಂದೇಶ ಎಲ್ಲೂ ಇಲ್ಲ. ಬ್ರೋಕರ್ ಅಳಿಸಿಯಾಗಿದೆ, ಕೆಲಸವೂ ಆಗಿಲ್ಲ. ಇದು ‘ಹೆಚ್ಚೆಂದರೆ ಒಂದು ಸಲ’ ಎಂಬ ಪದ್ಧತಿ. ಕೆಲಸ ಮುಗಿಸಿಯೇ ಕೊಟ್ಟರೆ, ಮುಗಿಸಿದ್ದಕ್ಕೂ ಸ್ವೀಕೃತಿಗೂ ನಡುವೆ ಯಂತ್ರ ನಿಂತಾಗ ಬ್ರೋಕರ್ ಅದೇ ಸಂದೇಶವನ್ನು ಮತ್ತೆ ಕೊಡುತ್ತದೆ. ಕೆಲಸ ಎರಡು ಸಲ ಆಗುತ್ತದೆ. ಇದು ‘ಕಡಿಮೆಯೆಂದರೆ ಒಂದು ಸಲ’. ಎಲ್ಲರಿಗೂ ಬೇಕಾದ ‘ಸರಿಯಾಗಿ ಒಂದೇ ಸಲ’ ಎಂಬುದು ಈ ಎರಡರಲ್ಲಿ ಯಾವುದೂ ಅಲ್ಲ.

ಕಳೆದುಹೋದದ್ದನ್ನು ಹುಡುಕಿ ತರುವುದಕ್ಕಿಂತ ಎರಡು ಸಲ ಬಂದದ್ದನ್ನು ಪತ್ತೆ ಹಚ್ಚುವುದು ಸುಲಭ. ಆದ್ದರಿಂದ ಮುಖ್ಯವಾದ ಕೆಲಸಕ್ಕೆಲ್ಲ ಎರಡನೆಯ ಪದ್ಧತಿಯೇ ತಳಹದಿ. ಆದರೆ ತಂತ್ರಾಂಶ ತನ್ನಷ್ಟಕ್ಕೆ ಅದನ್ನೇ ಪಾಲಿಸುತ್ತದೆಂದು ನಂಬಬಾರದು. ಕ್ಯಾಮೆಲ್ ಬ್ರೋಕರುಗಳೊಡನೆ ಮಾತಾಡಲು ಇರುವ ತನ್ನ ‘ಜೆಎಂಎಸ್’ ಎಂಬ ಜೋಡಣೆಯಲ್ಲಿ ಸಾಲಿನಿಂದ ಸಂದೇಶ ಎತ್ತಿಕೊಳ್ಳಲು ಸ್ಪ್ರಿಂಗ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಭಾಗವೊಂದನ್ನು ಬಳಸುತ್ತದೆ. ಏನೂ ಬದಲಿಸದೆ ಹಾಗೇ ಬಿಟ್ಟರೆ ಆ ಭಾಗ ಸ್ವೀಕೃತಿ ಕೊಡುವುದು ಕೆಲಸ ಶುರುವಾಗುವ ಮೊದಲು. ದಾರಿಯ ನಡುವೆ ದೋಷ ಬಂದರೆ ಆ ಸಂದೇಶ ಮತ್ತೆ ಬರುವುದಿಲ್ಲ. ಸ್ಪ್ರಿಂಗ್‌ನ ಕೈಪಿಡಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ; ಓದದವರು ಹಣ ಕಳೆದ ಮೇಲೆ ಓದುತ್ತಾರೆ. ‘ಟ್ರಾನ್ಸಾಕ್ಟೆಡ್’ ಎಂಬ ಒಂದು ಸೆಟ್ಟಿಂಗನ್ನು ‘ಟ್ರೂ’ ಮಾಡಿದರೆ ಕ್ರಮ ತಿರುಗಿ, ಕೆಲಸ ಮೊದಲು, ಸ್ವೀಕೃತಿ ಆಮೇಲೆ ಎಂದಾಗುತ್ತದೆ.

ಕವರಿನ ಮೇಲಿನ ಸಂಖ್ಯೆ

ಈಗ ಅತ್ತೆ ಧೈರ್ಯವಾಗಿ ಎರಡನೇ ಕವರು ಕಳಿಸಬಹುದು. ಮೊದಲನೆಯದು ಬಂದಿದ್ದರೆ ಇದನ್ನು ತಿರುಗಿಸಿ ಕಳಿಸುವುದು ಮುಯ್ಯಿ ಬರೆಯುವವರ ಹೊಣೆ. ಅವರು ಪುಸ್ತಕ ತೆರೆದು ನೋಡುತ್ತಾರೆ: ‘ಲಕ್ಷ್ಮಮ್ಮ, ತಿಪಟೂರು, 500’. ಇದೆ! ಆದರೆ ತಿಪಟೂರಿನಲ್ಲಿ ಲಕ್ಷ್ಮಮ್ಮಂದಿರಿಗೇನು ಬರವೇ? ಅದೇ ಲಕ್ಷ್ಮಮ್ಮ ತಮ್ಮ ಹೆಸರಲ್ಲೊಂದು, ಮಗನ ಪರವಾಗಿ ಇನ್ನೊಂದು ಕಳಿಸಿರಲೂಬಹುದು. ಹೆಸರು, ಊರು, ಮೊತ್ತ ನೋಡಿ ‘ಇದು ಅದೇ’ ಎಂದು ತೀರ್ಮಾನಿಸಿದರೆ ನಿಜವಾದ ಎರಡನೇ ಮುಯ್ಯಿಯೂ ತಿರುಗಿ ಹೋಗುತ್ತದೆ.

ಬೇಕಾದದ್ದು ಕವರಿನ ಮೇಲೊಂದು ಸಂಖ್ಯೆ. ಹಾಕಬೇಕಾದವರು ಅತ್ತೆ, ಅದೂ ಮೊದಲ ಸಲ ಕಳಿಸುವ ಮುನ್ನ. ಮತ್ತೆ ಕಳಿಸುವಾಗ ಹೊಸ ಸಂಖ್ಯೆ ಹಾಕಿದರೆ ಕೆಟ್ಟಿತು, ಹಳೆಯದನ್ನೇ ಹಾಕಬೇಕು. ನಡುವಿನವರು ತಮ್ಮ ಕೈಗೆ ಬಂದಾಗ ಸಂಖ್ಯೆ ಹಾಕುತ್ತೇವೆಂದರೆ, ಎರಡು ಸಲ ಬಂದ ಒಂದೇ ಮುಯ್ಯಿಗೆ ಎರಡು ಸಂಖ್ಯೆ ಬೀಳುತ್ತದೆ.

ಮೊಸಿಪ್‌ನಲ್ಲಿ ಇದು ಅಚ್ಚುಕಟ್ಟಾಗಿದೆ. ನೋಂದಣಿ ಕೇಂದ್ರದ ಯಂತ್ರವೇ, ಮಾಹಿತಿ ಅಲ್ಲಿಂದ ಹೊರಡುವ ಮೊದಲು, ಕೇಂದ್ರದ ಸಂಖ್ಯೆ, ಯಂತ್ರದ ಸಂಖ್ಯೆ, ಸರಣಿ ಸಂಖ್ಯೆ ಮತ್ತು ಹೊತ್ತು ಸೇರಿಸಿ ನೋಂದಣಿ ಸಂಖ್ಯೆ ಮಾಡುತ್ತದೆ. ಇಂಟರ್ನೆಟ್ ಇಲ್ಲದ ಹಳ್ಳಿಯಲ್ಲೂ ಇದು ನಡೆಯುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ಇಬ್ಬರಿಗೆ ಒಂದೇ ಸಂಖ್ಯೆ ಬೀಳುವುದೂ ಇಲ್ಲ.

ದಾರಿಯಲ್ಲಿ ಕಳಚುವ ಗುರುತು

ಸಂಖ್ಯೆ ಹಾಕಿದರೆ ಸಾಲದು, ಅದು ಕೊನೆಯವರೆಗೂ ಕವರಿಗೆ ಅಂಟಿಕೊಂಡೇ ಇರಬೇಕು. ಕ್ಯಾಮೆಲ್‌ನಲ್ಲಿ ಸಂದೇಶಕ್ಕೆ ಎರಡು ಭಾಗ. ಒಳಗಿನ ವಿಷಯ ‘ಬಾಡಿ’, ಮೇಲಿನ ವಿವರಗಳು ‘ಹೆಡರ್’. ಗುರುತಿನ ಸಂಖ್ಯೆ ಸಾಮಾನ್ಯವಾಗಿ ಹೆಡರಿನಲ್ಲಿರುತ್ತದೆ.

ಹಳೆಯ ಕ್ಯಾಮೆಲ್‌ನಲ್ಲಿ ಇಲ್ಲೊಂದು ಬಲೆ ಇತ್ತು. ನಡುವಿನ ಹಂತದಲ್ಲಿ ಬಾಡಿಯನ್ನು ತಿದ್ದಬೇಕಾದ ಪ್ರೋಗ್ರಾಮರು ‘ಗೆಟ್‌ಔಟ್’ ಎಂಬ ಕರೆಯನ್ನು ಬಳಸುತ್ತಿದ್ದರು. ಹೊರಗೆ ಕಳಿಸುವ ಸಂದೇಶ ಕೊಡು ಎಂದು ಕೇಳಿದಂತೆ, ಹೆಸರೂ ಸಹಜವಾಗಿದೆ. ಆದರೆ ಆ ಕರೆ ಕೊಡುತ್ತಿದ್ದದ್ದು ಹೊಚ್ಚಹೊಸ, ಖಾಲಿ ಸಂದೇಶ. ಪ್ರೋಗ್ರಾಮರು ಅದರಲ್ಲಿ ಹೊಸ ಬಾಡಿ ತುಂಬಿ ಮುಂದೆ ಕಳಿಸಿದರೆ ಹಳೆಯ ಹೆಡರುಗಳೆಲ್ಲ ಹಿಂದೆಯೇ ಉಳಿದವು. ಎಲ್ಲೂ ದೋಷದ ಸೂಚನೆಯಿಲ್ಲ. ಮೂರು ಹಂತ ದಾಟಿದ ಮೇಲೆ ಯಾರೋ ಗುರುತು ಹುಡುಕಿದಾಗ ಅದಿಲ್ಲ. ಕ್ಯಾಮೆಲ್‌ನ ಮೂರನೇ ಆವೃತ್ತಿಯಲ್ಲಿ ಈ ಕರೆಯನ್ನು ಹಿಂದಕ್ಕೆ ಸರಿಸಿ, ಇರುವ ಸಂದೇಶವನ್ನೇ ಕೊಡುವ ‘ಗೆಟ್‌ಮೆಸೇಜ್’ ಬಳಸಿ ಎಂದರು.

ಇನ್ನೊಂದು ತರಲೆ ಬಾಡಿಯದು. ಫೈಲಿನಿಂದಲೋ ವೆಬ್‌ನಿಂದಲೋ ಹರಿದು ಬರುವ ಬಾಡಿಯನ್ನು ಕೆಲವೊಮ್ಮೆ ಒಂದೇ ಸಲ ಓದಲು ಸಾಧ್ಯ. ತೊಂದರೆ ಹುಡುಕಲೆಂದು ಯಾರೋ ನಡುವೆ ‘ಬಂದದ್ದನ್ನು ಲಾಗ್‌ಗೆ ಬರೆ’ ಎಂದು ಒಂದು ಸಾಲು ಸೇರಿಸುತ್ತಾರೆ. ಲಾಗ್ ಓದಿ ಮುಗಿಸುತ್ತದೆ. ಮುಂದಿನ ಹಂತಕ್ಕೆ ಸಿಗುವುದು ಖಾಲಿ ಬಾಡಿ. ತೊಂದರೆ ಹುಡುಕಲು ಹಾಕಿದ ಸಾಲೇ ತೊಂದರೆ! ಹರಿದು ಬಂದದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಓದಲು ಕೊಡುವ ‘ಸ್ಟ್ರೀಮ್ ಕ್ಯಾಶಿಂಗ್’ ಎಂಬ ಸೌಲಭ್ಯ ಇರುವುದು ಇದಕ್ಕಾಗಿಯೇ.

ಪುಸ್ತಕವೂ ಚೀಲವೂ

ಸಂಖ್ಯೆ ಬಂತು ಎಂದಿಟ್ಟುಕೊಳ್ಳಿ. ಇನ್ನು ಇಡೀ ಸಮಸ್ಯೆಯ ಗಂಟು ಇರುವ ಜಾಗ. ಮುಯ್ಯಿ ಬರೆಯುವವರಿಗೆ ಎರಡು ಕೆಲಸ: ಸಂಖ್ಯೆಯನ್ನು ಪುಸ್ತಕಕ್ಕೆ ಬರೆಯುವುದು, ಹಣ ಚೀಲಕ್ಕೆ ಹಾಕುವುದು. ನಡುವೆ ಊಟದ ಕರೆ ಬರಬಹುದು. ಯಾವುದು ಮೊದಲು?

ಪುಸ್ತಕ ಮೊದಲಾದರೆ: ಸಂಖ್ಯೆ ಬರೆದರು, ಎದ್ದು ಹೋದರು, ಮೇಜಿನ ಮೇಲಿದ್ದ ಕವರು ಕಾಣೆಯಾಯಿತು. ಅತ್ತೆ ಮತ್ತೆ ಕಳಿಸಿದಾಗ ಪುಸ್ತಕ ‘ಬಂದಿದೆ’ ಎನ್ನುತ್ತದೆ, ಎರಡನೇ ಕವರನ್ನೂ ಒಳಗೆ ಬಿಡುವುದಿಲ್ಲ. ಚೀಲ ಮೊದಲಾದರೆ: ಹಣ ಹಾಕಿದರು, ಬರೆಯುವ ಮೊದಲೇ ಎದ್ದರು. ಎರಡನೇ ಕವರು ಬಂದಾಗ ಪುಸ್ತಕದಲ್ಲಿ ಇಲ್ಲ. ಅದೂ ಚೀಲಕ್ಕೆ ಬೀಳುತ್ತದೆ.

ಕ್ಯಾಮೆಲ್ ಎರಡನೇ ಸಲ ಬಂದ ಸಂದೇಶವನ್ನು ತಡೆಯುವ ಮಾದರಿಗೆ ‘ಐಡೆಂಪೊಟೆಂಟ್ ಕನ್ಸ್ಯೂಮರ್’ ಎನ್ನುತ್ತದೆ. ಎಷ್ಟು ಸಲ ಬಂದರೂ ಫಲ ಒಂದೇ ಆದ್ದರಿಂದ ನಾವು ‘ಏಕಫಲ ಗ್ರಾಹಕ’ ಎನ್ನೋಣ. ಅದು ಮಾಮೂಲಿಯಾಗಿ ಮಾಡುವುದು ‘ಪುಸ್ತಕ ಮೊದಲು’. ಕೆಲಸ ವಿಫಲವಾದರೆ ಬರೆದದ್ದನ್ನು ಅಳಿಸುತ್ತದೆ. ಆದರೆ ಅಳಿಸುವ ಅವಕಾಶವೂ ಸಿಗದಂತೆ ಕರೆಂಟ್ ಹೋದರೆ? ಸಂಖ್ಯೆಗಳನ್ನು ಡಿಸ್ಕಿನಲ್ಲಿಟ್ಟಿದ್ದರೆ ಆ ಸಂಖ್ಯೆ ಅಲ್ಲೇ ಉಳಿದು, ಮತ್ತೆ ಬಂದ ಸಂದೇಶ ತಿರಸ್ಕೃತವಾಗುತ್ತದೆ. ಮೆಮೊರಿಯಲ್ಲಿಟ್ಟಿದ್ದರೆ ಯಂತ್ರ ಮತ್ತೆ ಏಳುವಾಗ ಪುಸ್ತಕವೇ ಖಾಲಿ. ಮೆಮೊರಿ ಪುಸ್ತಕ ಬೇರೇನೂ ಹೇಳದಿದ್ದರೆ ನೆನಪಿಡುವುದು 1,000 ಸಂಖ್ಯೆಗಳನ್ನು. 1,001ನೆಯದು ಬಂದಾಗ ಹಳೆಯದೊಂದು ಜಾಗ ಬಿಡುತ್ತದೆ.

ಹಾಗಾದರೆ ದಾರಿ? ಕವರನ್ನೇ ಆ ಸಂಖ್ಯೆಯ ಸಾಲಿಗೆ ಪಿನ್ ಮಾಡಿಬಿಡಿ. ಈಗ ಬರೆಯುವುದು, ಹಾಕುವುದು ಎಂದು ಎರಡು ಕೆಲಸವಿಲ್ಲ. ಪಿನ್ ಬಿದ್ದರೆ ಎರಡೂ ಆಯಿತು, ಬೀಳದಿದ್ದರೆ ಎರಡೂ ಆಗಲಿಲ್ಲ. ದತ್ತಾಂಶ ಕೋಶಗಳಲ್ಲಿ ಈ ಪಿನ್ನಿನ ಹೆಸರು ಟ್ರಾನ್ಸಾಕ್ಷನ್. ಸಂದೇಶದ ಸಂಖ್ಯೆಯನ್ನೂ, ಆ ಸಂದೇಶದಿಂದ ಬದಲಾಗುವ ಖಾತೆಯ ಮೊತ್ತವನ್ನೂ ಒಂದೇ ದತ್ತಾಂಶ ಕೋಶದಲ್ಲಿಟ್ಟು ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆದರೆ ಒಂದು ಬರೆದು ಇನ್ನೊಂದು ಬಿಟ್ಟುಹೋಗುವ ಮಾತೇ ಇಲ್ಲ. ಆಮೇಲಷ್ಟೇ ಬ್ರೋಕರಿಗೆ ಸ್ವೀಕೃತಿ. ಅದು ಕಳೆದುಹೋದರೂ ಸಂದೇಶ ಮತ್ತೆ ಬರುತ್ತದೆ, ಸಂಖ್ಯೆ ಕಾಣುತ್ತದೆ, ಕೆಲಸ ಬಿಟ್ಟು ಸ್ವೀಕೃತಿ ಮಾತ್ರ ಮತ್ತೊಮ್ಮೆ ಹೋಗುತ್ತದೆ.

ಇಡೀ ಉಪಾಯ ಇಷ್ಟೇ: ಕಳಿಸುವವರು ಗುರುತು ಹಾಕಿ, ಉತ್ತರ ಬರುವವರೆಗೆ ಅದೇ ಗುರುತಿನಲ್ಲಿ ಮತ್ತೆ ಮತ್ತೆ ಕಳಿಸಲಿ, ಪಡೆಯುವವರು ಗುರುತನ್ನೂ ಕೆಲಸವನ್ನೂ ಒಟ್ಟಿಗೇ ದಾಖಲಿಸಿ, ಆಮೇಲೆ ಸ್ವೀಕೃತಿ ಕೊಡಲಿ. ದಾರಿ ಎಷ್ಟು ಹಾಳಾಗಿದ್ದರೂ ಫಲ ಒಂದೇ ಸಲ.

ಏಳು ಸಲಕ್ಕೂ ಆಗದಿದ್ದರೆ

‘ಮತ್ತೆ ಮತ್ತೆ’ ಎಂಬುದಕ್ಕೂ ಕೊನೆ ಬೇಕು. ಕೆಲವು ಸಂದೇಶಗಳೇ ಕೆಟ್ಟವು: ತಾರೀಕಿನ ಜಾಗದಲ್ಲಿ ಹೆಸರಿದೆ, ಮುಚ್ಚಿದ ಖಾತೆಗೆ ಜಮೆ ಮಾಡು ಎನ್ನುತ್ತದೆ. ಸಾವಿರ ಸಲ ಕೊಟ್ಟರೂ ಸಾವಿರ ಸಲ ವಿಫಲ. ಅದು ಸಾಲಿನ ತುದಿಯಲ್ಲಿ ಕೂತರೆ ಹಿಂದಿನವೆಲ್ಲ ನಿಂತುಬಿಡುತ್ತವೆ.

ಆ್ಯಕ್ಟಿವ್‌ಎಂಕ್ಯೂ ಮಾಮೂಲಿಯಾಗಿ ಮೊದಲ ಸಲ ಆಗದಿದ್ದರೆ ಒಂದೊಂದು ಸೆಕೆಂಡ್ ಬಿಟ್ಟು ಇನ್ನೂ ಆರು ಸಲ ಕೊಡುತ್ತದೆ. ಅದಕ್ಕೂ ಬಗ್ಗದಿದ್ದರೆ ‘ಡೆಡ್ ಲೆಟರ್’ ಸಾಲಿಗೆ ಸರಿಸಿಡುತ್ತದೆ. ಅಲ್ಲಿ ಸಂದೇಶ ಸಾಯುವುದಿಲ್ಲ, ಮನುಷ್ಯರೊಬ್ಬರು ಬಂದು ನೋಡಲೆಂದು ಕಾಯುತ್ತದೆ. ಕಷ್ಟವೆಂದರೆ ಆ ಸಾಲನ್ನು ನೋಡುವ ಕೆಲಸವನ್ನು ಯಾರಿಗೂ ಹಂಚದೇ ಇರುವುದು ತುಂಬ ಸಾಮಾನ್ಯ. ಆರು ಸೆಕೆಂಡಿನ ಲೆಕ್ಕವನ್ನೂ ಯೋಚಿಸಬೇಕು. ಆಚೆಯ ಯಂತ್ರ ಹತ್ತು ನಿಮಿಷ ದುರಸ್ತಿಗೆ ನಿಂತರೆ ಒಳ್ಳೆಯ ಸಂದೇಶಗಳೂ ಆರೇ ಸೆಕೆಂಡಿನಲ್ಲಿ ಡೆಡ್ ಲೆಟರ್ ಸೇರುತ್ತವೆ. ಹಾಗಾಗಿ ಪ್ರತಿ ಸಲವೂ ಬಿಡುವನ್ನು ಹೆಚ್ಚಿಸುತ್ತಾ ಹೋಗುವುದು ರೂಢಿ.

ಕೊನೆಯ ಮಾತು ತುದಿಯವರದು

ಇಷ್ಟೆಲ್ಲ ಹೊಣೆಯನ್ನು ನಡುವಿನ ತಂತ್ರಾಂಶವೇ ಹೊರಲಾಗದೇ? 2017ರ ಜೂನ್‌ನಲ್ಲಿ ಬಂದ ಕಾಫ್ಕಾದ 0.11 ಆವೃತ್ತಿ ‘ಸರಿಯಾಗಿ ಒಂದೇ ಸಲ’ ಎಂಬ ಭರವಸೆಯೊಂದಿಗೇ ಬಂತು. ಒಳಗೆ ನೋಡಿದರೆ ಇದೇ ಉಪಾಯ. ಕಳಿಸುವವರಿಗೊಂದು ಗುರುತು, ಅವರ ಸಂದೇಶಗಳಿಗೆ ಸರಣಿ ಸಂಖ್ಯೆ; ಬಂದದ್ದೇ ಮತ್ತೆ ಬಂದರೆ ಬ್ರೋಕರ್ ಬದಿಗಿಡುತ್ತದೆ. ಆದರೆ ಆ ಭರವಸೆ ಕಾಫ್ಕಾದಿಂದ ಓದಿ ಕಾಫ್ಕಾಗೇ ಬರೆಯುವವರೆಗೆ. ಅದರಿಂದ ಹೊರಬಿದ್ದು ಬ್ಯಾಂಕಿನ ಖಾತೆಗೆ ಕೈ ಹಾಕಿದ ಕ್ಷಣ ಪುಸ್ತಕ ಬೇರೆ, ಚೀಲ ಬೇರೆ.

ಇದಕ್ಕೆ ಕಾರಣವನ್ನು ಸಾಲ್ಟ್‌ಜರ್, ರೀಡ್, ಕ್ಲಾರ್ಕ್ ಎಂಬ ಮೂವರು 1984ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದ್ದಾರೆ. ಅದರಲ್ಲಿ ಅಮೆರಿಕದ ಎಂಐಟಿಯ ಒಂದು ಪ್ರಸಂಗ ಬರುತ್ತದೆ. ಅಲ್ಲಿನ ಜಾಲಗಳ ನಡುವೆ ಕೂತ ಯಂತ್ರಗಳು ಪ್ರತಿ ತಂತಿಯ ಮೇಲೂ ದೋಷ ತಪಾಸಣೆ ಮಾಡುತ್ತಿದ್ದವು. ಎಲ್ಲರೂ ದಾರಿಯನ್ನು ನಂಬಿದ್ದರು. ಆದರೆ ಅಂಥ ಒಂದು ಯಂತ್ರ, ತನ್ನ ಒಳಗೇ ನಕಲು ಮಾಡಿಕೊಳ್ಳುವಾಗ ಸುಮಾರು ಹತ್ತು ಲಕ್ಷ ಬೈಟಿಗೊಮ್ಮೆ ಎರಡು ಬೈಟುಗಳನ್ನು ಅದಲುಬದಲು ಮಾಡುತ್ತಿತ್ತು. ತಂತಿಯ ಮೇಲೆ ಎಲ್ಲವೂ ಸರಿ, ತಪ್ಪು ನಡೆದದ್ದು ಎರಡು ತಂತಿಗಳ ನಡುವೆ. ಅದರ ಮೂಲಕ ಹಾದುಹೋದ ಒಂದು ಆಪರೇಟಿಂಗ್ ಸಿಸ್ಟಂನ ಕೆಲವು ಮೂಲ ಕಡತಗಳು ಹಾಳಾದವು. ಕೊನೆಗೆ ಹಳೆಯ ಮುದ್ರಿತ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಕೈಯಾರೆ ಹೋಲಿಸಿ ಸರಿಪಡಿಸಬೇಕಾಯಿತು.

ನಡುವಿನವರು ಎಷ್ಟೇ ಎಚ್ಚರ ವಹಿಸಲಿ, ಕೆಲಸ ನಿಜವಾಗಿ ಆಯಿತೇ ಎಂಬುದು ಕೆಲಸ ಮಾಡುವ ತುದಿಗೆ ಮಾತ್ರ ಗೊತ್ತು. ಮತ್ತೆ ಬಂದ ಸಂದೇಶವನ್ನು ತಡೆಯುವುದನ್ನೂ ಆ ಮೂವರು ಇದೇ ವಾದಕ್ಕೆ ಉದಾಹರಣೆಯಾಗಿ ಕೊಟ್ಟಿದ್ದಾರೆ. ನಡುವಿನ ತಂತ್ರಾಂಶ ಕಳೆಯದಂತೆ ನೋಡಿಕೊಳ್ಳಲಿ, ಗುರುತನ್ನು ಕಳಚದಿರಲಿ. ಒಂದೇ ಸಲ ಎಂಬ ತೀರ್ಮಾನ ಪುಸ್ತಕ ಹಿಡಿದವರದು.

ಪಿನ್ ಹೊಡೆಯಲು ಬಾರದ ಕೆಲಸಗಳೂ ಇವೆ. ಎಸ್‌ಎಂಎಸ್ ಅಂಥದ್ದು. ಅದನ್ನು ಕಳಿಸುವುದನ್ನೂ ‘ಕಳಿಸಿದೆ’ ಎಂದು ಬರೆಯುವುದನ್ನೂ ಒಂದೇ ಟ್ರಾನ್ಸಾಕ್ಷನ್ನಿಗೆ ಕಟ್ಟಲಾಗದು, ಕಳಿಸಿದ್ದನ್ನು ವಾಪಸ್ ಕರೆಯಲೂ ಆಗದು. ಅಲ್ಲಿ ಉಳಿಯುವುದು ಆಯ್ಕೆ ಮಾತ್ರ: ಒಂದೂ ಬರದೇ ಇರಬಹುದೋ, ಎರಡು ಬರಬಹುದೋ? ಒಂದೇ ಒಟಿಪಿ ಬೆನ್ನುಬೆನ್ನಿಗೆ ಎರಡು ಸಲ ಬಂದರೆ ಅದು ಎಡವಟ್ಟೇ ಆಗಿರಬೇಕಿಲ್ಲ. ಮೊದಲನೆಯದಕ್ಕೆ ಸ್ವೀಕೃತಿ ಬಾರದಿದ್ದಾಗ, ಎರಡು ಬಂದರೆ ನಷ್ಟವಿಲ್ಲ, ಒಂದೂ ಬರದಿದ್ದರೆ ಕೆಲಸ ಕೆಡುತ್ತದೆ ಎಂದು ಲೆಕ್ಕ ಹಾಕಿ ಮತ್ತೊಮ್ಮೆ ಕಳಿಸುವಂತೆ ಯಾರೋ ಮೊದಲೇ ಬರೆದಿಟ್ಟಿರಬಹುದು.